ಅಮ್ಮ ತರುವ ಫೋನ್‌ಗೆ ಅಮೆರಿಕದ ಸಿಮ್ ಹಾಕುವ ಮುನ್ನ

ತಿಪಟೂರಿನಿಂದ ಅಮ್ಮ ಮೊದಲ ಸಲ ನಮ್ಮಲ್ಲಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ನಾವಿರುವುದು ಟೆಕ್ಸಾಸ್‌ನ ಪ್ಲೇನೊದಲ್ಲಿ. ಬಂದ ಮರುದಿನವೇ ಅವಳ ಫೋನ್‌ಗೆ ಇಲ್ಲಿನ ಪ್ರೀಪೇಯ್ಡ್ ಸಿಮ್ ಹಾಕಿದೆ. ವಾಟ್ಸ್‌ಆ್ಯಪ್‌ನಲ್ಲಿ ತಂಗಿಯ ಮುಖ ಕಾಣಿಸಿತು, ಅಮ್ಮ ನಕ್ಕಳು, ಕೆಲಸ ಮುಗಿಯಿತೆಂದುಕೊಂಡೆ. ಐದನೆಯ ದಿನ ಬೆಳಿಗ್ಗೆ ವಾಕಿಂಗ್ ಹೋದವಳಿಗೆ ದಾರಿ ತಪ್ಪಿತು. ಇಲ್ಲಿ ಒಂದು ಬೀದಿಯಂತೆಯೇ ಇನ್ನೊಂದು, ಒಂದು ಮನೆಯಂತೆಯೇ ಪಕ್ಕದ್ದು. ನನ್ನ ನಂಬರ್ ಒತ್ತಿದರೆ ರಿಂಗ್ ಆಗುವ ಮೊದಲೇ ಕರೆ ಕಡಿದುಹೋಗುತ್ತಿತ್ತು. ವಾಟ್ಸ್‌ಆ್ಯಪ್‌ಗೆ ಆ ಬೀದಿಯಲ್ಲಿ ಸಿಗ್ನಲ್ ಸಾಲಲಿಲ್ಲ. ನಾಯಿಯನ್ನು ಸುತ್ತಾಡಿಸಲು ಬಂದಿದ್ದ ಹೆಂಗಸೊಬ್ಬರು, ಅಮ್ಮನ ಪರ್ಸಿನಲ್ಲಿ ನಾನು ಬರೆದಿಟ್ಟಿದ್ದ ಚೀಟಿ ನೋಡಿ ತಮ್ಮ ಫೋನ್‌ನಿಂದ ನನಗೆ ಕರೆ ಮಾಡಿದರು.

ಫೋನ್ ಸರಿಯಾಗಿತ್ತು. ಸಿಮ್ ಕೂಡ ಸರಿಯಾಗಿತ್ತು. ಇವೆರಡಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ನಾನು ನೋಡಿರಲಿಲ್ಲ. ಅಂದಿನಿಂದ ನಮ್ಮ ಸುತ್ತಮುತ್ತಲಿನ ಕನ್ನಡದವರ ಮನೆಗಳಿಗೆ ಯಾರ ಅಪ್ಪ ಅಮ್ಮ ಬಂದರೂ ಫೋನ್ ನನ್ನ ಕೈಗೆ ಬರುತ್ತದೆ. ನಾನು ಏನು ನೋಡುತ್ತೇನೆ, ಯಾವ ಕ್ರಮದಲ್ಲಿ ನೋಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರ್ಧ ಕೆಲಸ ಅವರು ವಿಮಾನ ಹತ್ತುವ ಮೊದಲೇ ಆಗಬೇಕು. ನಮ್ಮೂರಿನ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಕೊಂಡ ಸ್ಮಾರ್ಟ್‌ಫೋನ್ ಬಹುಪಾಲು ಅನ್‌ಲಾಕ್ ಆಗಿಯೇ ಇರುತ್ತದೆ, ಯಾವ ಕಂಪನಿಯ ಸಿಮ್ಮನ್ನಾದರೂ ಒಪ್ಪುತ್ತದೆ. ಜಿಯೊಫೋನ್‌ನಂಥ ಕೀಪ್ಯಾಡ್ ಫೋನ್‌ಗಳು ಮಾತ್ರ ಜಿಯೊ ಸಿಮ್‌ಗೇ ಕಟ್ಟುಬಿದ್ದಿರುತ್ತವೆ, ಅವನ್ನು ಇಲ್ಲಿಗೆ ತರಬೇಡಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆಯಿರಿ. ಕ್ಯಾರಿಯರ್ ಲಾಕ್ ಎಂಬುದರ ಮುಂದೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಬೀಗವಿಲ್ಲ.

ಬೀಗವಿಲ್ಲ ಎಂದಮಾತ್ರಕ್ಕೆ ಎಲ್ಲ ಕಂಪನಿಯಲ್ಲೂ ಕೆಲಸ ಮಾಡುತ್ತದೆ ಎಂದಲ್ಲ. ನಾನು ಎಡವಿದ್ದು ಇಲ್ಲೇ. ಹಳೆಯ ಕಾಲದಲ್ಲಿ ಕರೆಗಳು 2ಜಿ, 3ಜಿ ಮೇಲೆ ಹೋಗುತ್ತಿದ್ದವು. ಅಮೆರಿಕದ ಮೂರು ದೊಡ್ಡ ಕಂಪನಿಗಳಾದ ಎಟಿ ಅಂಡ್ ಟಿ, ಟಿ-ಮೊಬೈಲ್, ವೆರೈಝನ್ 2022ರಲ್ಲಿ 3ಜಿ ಜಾಲವನ್ನು ಮುಚ್ಚಿದವು. ಈಗ ಮಾತು ಕೂಡ ಹೆಚ್ಚಾಗಿ 4ಜಿ ಮೇಲೆಯೇ ಹೋಗಬೇಕು. ಈ ತಂತ್ರಕ್ಕೆ ವಿಒಎಲ್‌ಟಿಇ ಎನ್ನುತ್ತಾರೆ. ಅಮ್ಮನ ಫೋನ್‌ನಲ್ಲಿ ಅದು ಇತ್ತು, ತಿಪಟೂರಿನಲ್ಲಿ ದಿನವೂ ಅದರಲ್ಲೇ ಮಾತನಾಡುತ್ತಿದ್ದಳು. ಆದರೆ ತಯಾರಕರು ಇದನ್ನು ಒಂದೊಂದು ದೇಶದ ಒಂದೊಂದು ಕಂಪನಿಗೆಂದು ಹೊಂದಿಸಿರುತ್ತಾರೆ. ಭಾರತಕ್ಕೆಂದು ಮಾಡಿದ ಮಾದರಿಯಲ್ಲಿ ಇಲ್ಲಿನ ಕಂಪನಿಗೆ ಬೇಕಾದ ಹೊಂದಿಕೆ ಇಲ್ಲದಿದ್ದರೆ ಇಂಟರ್ನೆಟ್ ಬರುತ್ತದೆ, ಕರೆ ಹೋಗುವುದಿಲ್ಲ. ನೋಡಿದವರಿಗೆ ಫೋನ್ ಚೆನ್ನಾಗಿಯೇ ಇದೆ ಎನಿಸುತ್ತದೆ.

ಆದ್ದರಿಂದ ಹೊರಡುವ ಎರಡು ವಾರ ಮೊದಲೇ ಅವರಿಂದ *#06# ಒತ್ತಿಸಿ, ಪರದೆಯ ಮೇಲೆ ಬರುವ 15 ಅಂಕಿಗಳ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯ ಫೋಟೊ ತರಿಸಿಕೊಳ್ಳಿ. ಎರಡು ಸಿಮ್‌ನ ಫೋನ್‌ಗೆ ಎರಡು ಸಂಖ್ಯೆ ಇರುತ್ತವೆ, ಎರಡೂ ಬೇಕು. ಸಂಖ್ಯೆ ಓದಿ ಹೇಳಿಸಬೇಡಿ, ಒಂದು ಅಂಕಿ ತಪ್ಪಿದರೂ ಬೇರೆ ಫೋನಿನ ಜಾತಕ ನೋಡಿದಂತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿರುವ ಮಾಡೆಲ್ ನಂಬರ್ ಕೂಡ ತರಿಸಿಕೊಳ್ಳಿ. ಡಬ್ಬಿಯ ಮೇಲಿನ ಹೆಸರು ಒಂದೇ ಇದ್ದರೂ ಭಾರತದ ಮಾದರಿ ಬೇರೆ, ಅಮೆರಿಕದ ಮಾದರಿ ಬೇರೆ. ನಿಮ್ಮ ಫೋನನ್ನೇ ತನ್ನಿ ಎನ್ನುವ ಪುಟ ಇಲ್ಲಿನ ಪ್ರತಿ ಕಂಪನಿಯ ಜಾಲತಾಣದಲ್ಲೂ ಇರುತ್ತದೆ. ಅಲ್ಲಿ ಐಎಂಇಐ ಹಾಕಿ ನೋಡಿ. ಎಟಿ ಅಂಡ್ ಟಿ ತನ್ನ ಜಾಲದಲ್ಲಿ ನಡೆಯುವ ಫೋನ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಪಟ್ಟಿಯಲ್ಲಿ ಇಲ್ಲದ ಫೋನ್ ತಂದು ಆಮೇಲೆ ಒದ್ದಾಡಬೇಡಿ.

ಇನ್ನು ಬ್ಯಾಂಡ್‌ಗಳ ವಿಷಯ. ರೇಡಿಯೊದಲ್ಲಿ ಒಂದೊಂದು ನಿಲಯಕ್ಕೆ ಒಂದೊಂದು ತರಂಗಾಂತರ ಇರುವ ಹಾಗೆ 4ಜಿಗೂ ಇದೆ. ಭಾರತದಲ್ಲಿ ಹೆಚ್ಚಾಗಿ 3, 5, 8, 40, 41ನೆಯ ಬ್ಯಾಂಡ್‌ಗಳು. ಇಲ್ಲಿ 2, 4, 66 ಎಲ್ಲರಿಗೂ ಬೇಕು. ಗೋಡೆ ದಾಟಿ ಮನೆಯೊಳಗೆ ಬರುವ, ಊರಾಚೆಗೂ ತಲುಪುವ ಸಿಗ್ನಲ್‌ಗೆ ಟಿ-ಮೊಬೈಲ್‌ನಲ್ಲಿ 12 ಮತ್ತು 71, ವೆರೈಝನ್‌ನಲ್ಲಿ 13, ಎಟಿ ಅಂಡ್ ಟಿಯಲ್ಲಿ 12 ಮತ್ತು 14 ಮುಖ್ಯ. ತಯಾರಕರ ಜಾಲತಾಣದಲ್ಲಿ ಮಾಡೆಲ್ ನಂಬರ್ ಹುಡುಕಿದರೆ ಬ್ಯಾಂಡ್‌ಗಳ ಪಟ್ಟಿ ಸಿಗುತ್ತದೆ. ಅಮ್ಮನ ಫೋನ್‌ನಲ್ಲಿ 71 ಇರಲಿಲ್ಲ, 12 ಕೂಡ ಇರಲಿಲ್ಲ. ಆ ಬೀದಿಯಲ್ಲಿ ವಾಟ್ಸ್‌ಆ್ಯಪ್ ಸುತ್ತುತ್ತಲೇ ಇದ್ದುದಕ್ಕೆ ಕಾರಣ ಅದೇ ಇರಬೇಕು ಎಂದು ನನಗೆ ಆಮೇಲೆ ಹೊಳೆಯಿತು.

ಊರಿನ ಸಿಮ್ಮನ್ನು ಮರೆಯಬೇಡಿ. ಪಿಂಚಣಿ, ಬ್ಯಾಂಕು, ಆಧಾರ್, ಎಲ್ಲದರ ಒಟಿಪಿ ಬರುವುದು ಅದಕ್ಕೆ. ಹೊರಡುವ ಮೊದಲೇ ಅದರಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಆರು ತಿಂಗಳಿಗೂ ಮೀರಿ ವಾಯಿದೆ ಇರುವ ರೀಚಾರ್ಜ್ ಮಾಡಿಸಿ. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡು ಕಡಿಯುವುದಿಲ್ಲ. ಆದರೆ ಆ ನಂಬರಿಗೆ ಬಂದ ಕರೆ ಎತ್ತಿದರೆ ಕಡಿಯುತ್ತದೆ, ಡೇಟಾ ರೋಮಿಂಗ್ ತೆರೆದಿದ್ದರೆ ಇನ್ನೂ ಹೆಚ್ಚು. ಅದನ್ನು ಮುಚ್ಚಿಡಿ. ಹೊರಡುವ ಹಿಂದಿನ ದಿನ ಹೊಸ ಸಿಮ್‌ಗೋ, ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಇ-ಸಿಮ್‌ಗೋ ಬದಲಿಸಲು ಹೋಗಬೇಡಿ. ಭಾರತದಲ್ಲಿ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆದಿಡುತ್ತಾರೆ.

ಇಲ್ಲಿಗೆ ಬಂದ ಮೇಲೆ ಸಿಮ್ ಹಾಕುವುದು ಸಣ್ಣ ಕೆಲಸ. ಫೋನ್ ಇ-ಸಿಮ್ ಒಪ್ಪುವುದಾದರೆ ಇಲ್ಲಿನದನ್ನು ಇ-ಸಿಮ್ ಆಗಿ ಹಾಕಿ, ಊರಿನ ಸಿಮ್ಮನ್ನು ಅದರ ಜಾಗದಲ್ಲೇ ಬಿಡಿ. ಅಮ್ಮನ ಫೋನ್‌ನಲ್ಲಿ ಆ ಸೌಕರ್ಯ ಇರಲಿಲ್ಲ. ಪಿನ್ ಚುಚ್ಚಿ ತಟ್ಟೆ ಎಳೆದಾಗ ಎರಡನೆಯ ಸಿಮ್ ಕೂರುವ ಗುಳಿಯಲ್ಲಿ ಮೆಮೊರಿ ಕಾರ್ಡ್ ಕೂತಿತ್ತು. ಇಂಥ ತಟ್ಟೆಯಲ್ಲಿ ಸಿಮ್ ಅಥವಾ ಕಾರ್ಡ್, ಎರಡರಲ್ಲಿ ಒಂದಕ್ಕೆ ಮಾತ್ರ ಜಾಗ. ಅಮ್ಮನ ಮುಖ ಬಾಡಿತು. “ಅದರಲ್ಲಿ ದಾಸರ ಪದಗಳೆಲ್ಲ ಇವೆ ಕಣೇ, ತೋಟದ ಫೋಟೊಗಳೂ ಇವೆ” ಎಂದಳು. ಕಾರ್ಡಿನಲ್ಲಿದ್ದುದನ್ನೆಲ್ಲ ಮೊದಲು ನನ್ನ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಫೋನಿನ ಒಳಗಿನ ಜಾಗಕ್ಕೆ ಹಾಕಿ, ಒಂದು ಪದ ಕೇಳಿಸಿ, ಆಮೇಲೆ ಕಾರ್ಡ್ ತೆಗೆದೆ. ನೀವೂ ಹಾಗೆಯೇ ಮಾಡಿ. ಹಿರಿಯರ ಕಣ್ಣೆದುರಿಗೆ ಮಾಡಿ.

ನಂತರ ಸಿಮ್ ಸೆಟ್ಟಿಂಗ್ಸ್‌ನಲ್ಲಿ ಕರೆಗೂ ಡೇಟಾಗೂ ಅಮೆರಿಕದ ಸಿಮ್ಮನ್ನೇ ಆರಿಸಿ. ಇಲ್ಲದಿದ್ದರೆ ಪ್ರತಿ ಕರೆಗೂ ಯಾವ ಸಿಮ್ ಎಂದು ಫೋನ್ ಕೇಳುತ್ತದೆ, ಗಾಬರಿಯಲ್ಲಿರುವವರಿಗೆ ಆ ಪ್ರಶ್ನೆ ಬೇಡ. ಊರಿನ ನಂಬರ್‌ಗಳ ಮೊದಲಿಗೆ +91, ನಿಮ್ಮ ನಂಬರಿನ ಮೊದಲಿಗೆ +1 ಇರಲಿ. ಇಂಟರ್ನೆಟ್ ಬಾರದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್ ಎಂಬ ವಿಳಾಸ ನೋಡಿ. ಅನೇಕ ಫೋನ್‌ಗಳಲ್ಲಿ ತಾನೇ ತುಂಬಿಕೊಳ್ಳುತ್ತದೆ, ಇಲ್ಲದಿದ್ದರೆ ಸಿಮ್ ಕೊಟ್ಟ ಕಂಪನಿಯ ಪುಟದಲ್ಲಿರುವುದನ್ನು ಅಕ್ಷರ ಬಿಡದೆ ಬರೆದು, ಉಳಿಸಿ, ಫೋನನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ.

ಈಗ ನಿಜವಾದ ಪರೀಕ್ಷೆ. ವೈಫೈ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ವಿಒಎಲ್‌ಟಿಇ ಗುಂಡಿ ಕಂಡರೆ ಹಚ್ಚಿ. ಮನೆಯಿಂದ ಹೊರಗೆ, ಅವರು ನಡೆದಾಡುವ ದಾರಿಗೇ ಹೋಗಿ, ನಿಮಗೆ ವಾಟ್ಸ್‌ಆ್ಯಪ್ ಕರೆಯಲ್ಲ, ಮಾಮೂಲು ಕರೆ ಮಾಡಿಸಿ. ನೀವು ಅವರಿಗೆ ಮಾಡಿ. ಒಂದು ನಿಮಿಷ ಮಾತನಾಡಿ. ಕರೆ ನಡೆಯುವಾಗ ಮೇಲುಗಡೆ 4ಜಿ, ಎಲ್‌ಟಿಇ ಅಥವಾ 5ಜಿ ಗುರುತು ನಿಂತಿರಬೇಕು. ಕರೆ ಕಡಿದರೆ ಆ ಸಿಮ್ಮಿನ ಜೊತೆ ಆ ಫೋನ್ ಅವರ ಕೈಯಲ್ಲಿ ಇರಬಾರದು. ಪ್ರೀಪೇಯ್ಡ್ ಆದರೆ ಒಂದು ತಿಂಗಳ ದುಡ್ಡು ಹೋಯಿತೆಂದುಕೊಂಡು ಬೇರೆ ಕಂಪನಿಯದನ್ನು ಹಾಕಿ ನೋಡಿ.

ಇಷ್ಟು ಹಟ ಹಿಡಿಯುವುದಕ್ಕೆ ಕಾರಣ 911, ಇಲ್ಲಿನ ತುರ್ತು ಕರೆಯ ಸಂಖ್ಯೆ. ಯಾವ ಪ್ಲಾನೂ ಇಲ್ಲದ ಫೋನ್‌ನಿಂದ ಬಂದ 911 ಕರೆಯನ್ನೂ ಇಲ್ಲಿನ ಕಂಪನಿಗಳು ದಾಟಿಸಬೇಕೆಂಬ ನಿಯಮವಿದೆ. ಆದರೆ ಫೋನ್‌ಗೂ ಜಾಲಕ್ಕೂ ಹೊಂದಿಕೆಯೇ ಇಲ್ಲದಿದ್ದರೆ ಕರೆ ಹೋಗುವ ಭರವಸೆ ಇಲ್ಲ. ಹಗಲಿಡೀ ಮೊಮ್ಮಗುವಿನ ಜೊತೆ ಮನೆಯಲ್ಲಿ ಒಬ್ಬರೇ ಇರುವವರು ಇವರು. ಪರೀಕ್ಷೆಗೆಂದು 911 ಒತ್ತಬೇಡಿ, ಮಾಮೂಲು ಕರೆ ಸಾಕು. ವೈಫೈ ಕಾಲಿಂಗ್ ಹಚ್ಚುವಾಗ ಕಂಪನಿ ತುರ್ತು ವಿಳಾಸ ಕೇಳುತ್ತದೆ. ಮನೆಯ ನಂಬರ್, ಬೀದಿ, ಪಿನ್‌ಕೋಡ್ ಸರಿಯಾಗಿ ತುಂಬಿ.

ಯಾವ ಸಿಮ್ಮೂ ಒಗ್ಗದಿದ್ದರೆ ಇಲ್ಲಿಯೇ ಒಂದು ಫೋನ್ ಕೊಳ್ಳಬೇಕು, ನಾನೂ ಕೊನೆಗೆ ಕೊಂಡೆ. ದೊಡ್ಡ ಅಂಗಡಿಗಳಲ್ಲಿ ತೀರಾ ಅಗ್ಗಕ್ಕೆ ತೂಗುಹಾಕಿರುವ ಪ್ರೀಪೇಯ್ಡ್ ಫೋನ್‌ಗಳು ಸಾಮಾನ್ಯವಾಗಿ ಒಂದು ಕಂಪನಿಗೆ ಬೀಗ ಹಾಕಿದವು, ಊರಿಗೆ ಒಯ್ದರೆ ನಮ್ಮ ಸಿಮ್ ಒಪ್ಪುವುದಿಲ್ಲ. ಡಬ್ಬಿಯ ಮೇಲೆ ಅನ್‌ಲಾಕ್ಡ್ ಎಂದು ಬರೆದಿರುವುದನ್ನೇ ಕೇಳಿ. ನಿಮ್ಮ ಹಳೆಯ ಫೋನನ್ನೇ ಅವರಿಗೆ ಕೊಡುವುದಾದರೆ ಕಂತು ತೀರಿಸಿ, ಅವರು ಇಲ್ಲಿರುವಾಗಲೇ ಕಂಪನಿಯಿಂದ ಬೀಗ ತೆಗೆಸಿ. ಫೋನ್ ಅನ್‌ಲಾಕ್ ಮಾಡಿಸಿಕೊಳ್ಳಲು 2014ರ ಕಾನೂನು ಅವಕಾಶ ಕೊಟ್ಟಿದೆ. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ನಂತರದವುಗಳಲ್ಲಿ ಸಿಮ್ ತಟ್ಟೆಯೇ ಇಲ್ಲ. ಊರಿನ ನಂಬರನ್ನು ಇ-ಸಿಮ್‌ಗೆ ಬದಲಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ವಾಪಸು ಹೋಗುವ ರಾತ್ರಿ ಅಮ್ಮನ ಹಳೆಯ ಫೋನಿನ ತಟ್ಟೆಯನ್ನು ಮತ್ತೆ ಎಳೆದೆ. ಕಾರ್ಡ್ ಎಲ್ಲಿಟ್ಟೆ ಎಂದು ನಾನು ಮೇಜಿನ ಖಾನೆ ತಡಕುತ್ತಿದ್ದಾಗ ಅಮ್ಮ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದಳು. ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆರು ತಿಂಗಳಿಂದ ಅದರ ಕೆಳಗೇ ಇಟ್ಟಿದ್ದಳು.