ಬಟನ್ ಒತ್ತಿದ ಕೂಡಲೇ ಆಟ ಶುರುವಾಗಬೇಕು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಗೇಮ್ ಪಾರ್ಲರ್ ಇದೆ. ಸುತ್ತ ಕಾಲೇಜು, ಪಿಜಿ. ವಾರವಿಡೀ ಹುಡುಗರು ಬರುತ್ತಾರೆ, ಭಾನುವಾರ ಮನೆಮಂದಿಯೆಲ್ಲ ಬರುತ್ತಾರೆ. ಇಲ್ಲಿ ದುಡ್ಡು ಗಂಟೆ ಲೆಕ್ಕದಲ್ಲಿ. ಯಾವ ಗೇಮ್ ಇಡಬೇಕು, ಯಾವುದು ಬೇಡ ಅನ್ನೋದನ್ನು ನಾನು ಕಲಿತದ್ದು ಈ ಗಂಟೆ ಲೆಕ್ಕದಿಂದಲೇ.

2018ರಲ್ಲಿ ಬಂದ, ಕಥೆ ತುಂಬಿದ ದೊಡ್ಡ ಗೇಮ್ ರೆಡ್ ಡೆಡ್ ರಿಡೆಂಪ್ಶನ್ 2 ತಗೊಳ್ಳಿ. ಪ್ಲೇಸ್ಟೇಷನ್ 4 ಕನ್ಸೋಲ್‌ಗೆ ಎರಡು ಡಿಸ್ಕ್. ಕುದುರೆ, ಹಿಮ, ಬೆಳಕು ಎಲ್ಲಾ ಅದ್ಭುತ. ಮನೆಯಲ್ಲಿ ನಾನೂ ಇಷ್ಟಪಟ್ಟು ಆಡಿದ್ದೇನೆ. ಆದರೆ ಅದರ ಮೊದಲ ಅಧ್ಯಾಯ ಹಿಮದ ಬೆಟ್ಟದಲ್ಲೇ ಕಳೆಯುತ್ತದೆ. ಕುದುರೆ ಮೇಲೆ ನಿಧಾನಕ್ಕೆ ಹೋಗಬೇಕು, ಮಾತು ಕೇಳಬೇಕು, ಮತ್ತೆ ಹೋಗಬೇಕು. ಗಂಟೆಗೆ ದುಡ್ಡು ಕೊಟ್ಟು ಕೂತ ಹುಡುಗ ಬೆಟ್ಟ ಇಳಿಯೋದರೊಳಗೆ ಟೈಮ್ ಮುಗಿದಿರುತ್ತದೆ. "ಅಣ್ಣಾರ, ಆಟ ಯಾವಾಗ ಶುರು ಆಗ್ತೈತ್ರೀ?" ಅಂತ ಒಬ್ಬ ಕೇಳಿದ್ದ. ನ್ಯಾಯವಾದ ಪ್ರಶ್ನೆ. ನಾಲ್ಕು ದಿನ ಬಿಟ್ಟು ಬಂದರೆ ಅವನು ಸೇವ್ ಮಾಡಿದ್ದರ ಮೇಲೆ ಇನ್ಯಾರೋ ಸೇವ್ ಮಾಡಿರುತ್ತಾರೆ. ನಡುವೆ ಕರೆಂಟ್ ಹೋದರಂತೂ ಕೇಳೋದೇ ಬೇಡ. ಇಂಥ ಗೇಮ್‌ಗಳನ್ನು ನಾನು ತೆಗೆದುಹಾಕಿಲ್ಲ. ಮಧ್ಯಾಹ್ನ ಪೂರ್ತಿ ಕೂರುವವರಿಗೆ ಅಂತ ಒಳಗಡೆ ಒಂದು ಟಿವಿ, ಹೆಡ್‌ಫೋನ್ ಇಟ್ಟಿದ್ದೇನೆ. ಮುಂದಿನ ಸಾಲು ಮಾತ್ರ ಸರಳ ಗೇಮ್‌ಗಳಿಗೇ.

ಹೊಸ ಗೇಮ್ ಬಂದಾಗ ನಾನು ಮಾಡುವ ಪರೀಕ್ಷೆ ಒಂದೇ. ಅದನ್ನು ಎಂದೂ ಆಡದವರ ಕೈಗೆ ಕಂಟ್ರೋಲರ್ ಕೊಡುತ್ತೇನೆ. ಮಗನನ್ನು ಕರೆದೊಯ್ಯಲು ಬಂದ ತಾಯಿಯಾದರೂ ಸರಿ. ಏನೂ ಹೇಳಿಕೊಡಲ್ಲ. ಪಕ್ಕದಲ್ಲಿ ನಿಂತು ಅವರ ಹೆಬ್ಬೆರಳು ನೋಡುತ್ತೇನೆ. ಹೆಬ್ಬೆರಳು ಬಹಳ ಹೊತ್ತು ಸುಮ್ನೆ ಇದ್ದರೆ ಆ ಗೇಮ್ ಮುಂದಿನ ಸಾಲಿಗೆ ಬರಲ್ಲ. ಆಮೇಲೆ ಅವರು ಸೋಲೋದನ್ನು ಕಾಯುತ್ತೇನೆ. ಸೋತ ತಕ್ಷಣ, ನನ್ನ ಕಡೆ ತಿರುಗುವ ಮೊದಲೇ, ಕೈ ಮತ್ತೆ ಸ್ಟಾರ್ಟ್ ಬಟನ್‌ಗೆ ಹೋಗುತ್ತದಲ್ವಾ, ಆ ಗೇಮ್ ಗೆದ್ದಂತೆ.

ಈ ಪರೀಕ್ಷೆಯಲ್ಲಿ ಇವತ್ತಿಗೂ ಮೊದಲ ನಂಬರ್ ಸೂಪರ್ ಮಾರಿಯೋ ಬ್ರದರ್ಸ್. 1985ರ ಗೇಮ್, ಇಡೀ ಗೇಮ್ 40 ಕೆಬಿ. ಅದರ ಮೊದಲ ಲೆವೆಲ್‌ನ ಶುರುವನ್ನು ಒಮ್ಮೆ ಗಮನಿಸಿ ನೋಡಿ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಖಾಲಿ ಜಾಗ. ಹಾಗಾಗಿ ಎಲ್ಲರೂ ಬಲಕ್ಕೇ ಹೋಗುತ್ತಾರೆ. ಎದುರಿಗೆ ಒಂದು ಪ್ರಾಣಿ ಬರುತ್ತದೆ. ತಾಗಿದರೆ ಸಾವು, ಆದರೆ ಬಂದು ಎರಡು ಹೆಜ್ಜೆಯಷ್ಟೇ ಆಗಿರುತ್ತದೆ, ಕಳೆದುಕೊಂಡದ್ದು ಏನೂ ಇಲ್ಲ. ಎರಡನೇ ಸಲ ಹಾರುತ್ತಾರೆ. ಹಾರಿದಾಗ ತಲೆ ಮೇಲಿನ ಪ್ರಶ್ನೆ ಗುರುತಿನ ಡಬ್ಬಿಗೆ ತಾಗಿ ಅಣಬೆ ಹೊರಬರುತ್ತದೆ. ಆ ಅಣಬೆ ಮುಂದೆ ಹೋಗಿ, ಪೈಪಿಗೆ ಬಡಿದು, ವಾಪಸ್ ಆಡುವವರ ಕಡೆಗೇ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳಲು ಹೋದವರಿಗೂ ಅದು ತಾಗಿ, ಮಾರಿಯೋ ದೊಡ್ಡವನಾಗುತ್ತಾನೆ. ಒಂದಕ್ಷರ ಓದಿಸದೆ ಇಷ್ಟೆಲ್ಲಾ ಕಲಿಸಿಬಿಡುತ್ತದೆ. ಇದನ್ನು ರೂಪಿಸಿದ, ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ಅವರ ತಂಡದ ಈ ಕೆಲಸ ನೋಡಿದಾಗಲೆಲ್ಲ ನನಗೆ ಕೈ ಮುಗಿಯೋಣ ಅನ್ನಿಸುತ್ತದೆ.

ಟೆಕ್ಕನ್ ಕೂಡ ಹೀಗೇ. ನಾಲ್ಕು ಬಟನ್. ಎರಡು ಕೈಗೆ ಎರಡು, ಎರಡು ಕಾಲಿಗೆ ಎರಡು. ಇಷ್ಟು ಹೇಳಿದರೆ ಯಾರಾದರೂ ಹೊಡೆದಾಟಕ್ಕೆ ರೆಡಿ. ಟೆಟ್ರಿಸ್ ಅಂತೂ ಅದಕ್ಕಿಂತ ಕಡಿಮೆ ಮಾತಿನದು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೆಯ್ ಪಜಿಟ್ನೋವ್ ಮಾಡಿದ್ದು. ನಾಲ್ಕು ನಾಲ್ಕು ಚೌಕದ ಏಳು ಆಕಾರ ಮೇಲಿಂದ ಬೀಳುತ್ತವೆ, ಸಾಲು ತುಂಬುವಂತೆ ಜೋಡಿಸಬೇಕು, ಅಷ್ಟೇ. ಅದನ್ನು "ಚಿಕ್ಕಮಕ್ಕಳ ಆಟ" ಅನ್ನುವ ಕಾಲೇಜು ಹುಡುಗರಿಗೆ ನಾನು ಒಂದು ವಿಷಯ ಹೇಳುತ್ತೇನೆ. ನಿಂಟೆಂಡೊ ಟೆಟ್ರಿಸ್ ಬಂದದ್ದು 1989ರಲ್ಲಿ. ಗೇಮೇ ಹ್ಯಾಂಗ್ ಆಗಿ ನಿಂತುಹೋಗುವ ತನಕ ಅದನ್ನು ಆಡಿದ ಮೊದಲ ಮನುಷ್ಯ ಅಮೆರಿಕದ 13 ವರ್ಷದ ಹುಡುಗ, 2023ರ ಡಿಸೆಂಬರ್‌ನಲ್ಲಿ. ಅಲ್ಲಿಯ ತನಕ ಯಾರಿಂದಲೂ ಆಗಿರಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿಯ ಮೂಲೆ, ಆಟದ ಬಂದೂಕು ಹಿಡಿದು ಪರದೆ ಮೇಲಿನ ಬಾತುಕೋಳಿ ಹೊಡೆಯುವ ಡಕ್ ಹಂಟ್‌ನದು. ಅಲ್ಲಿ ಹಳೇ ಡಬ್ಬಾ ಟಿವಿ ಇಟ್ಟಿದ್ದೇನೆ, ಪಕ್ಕದಲ್ಲಿ ಕ್ಯಾಸೆಟ್ ಹಾಕುವ ಟಿವಿ ಗೇಮ್. ಹೊಸ ಟಿವಿಯಲ್ಲಿ ಆ ಬಂದೂಕು ಕೆಲಸ ಮಾಡಲ್ಲ. ಯಾಕೆಂದರೆ ಬಂದೂಕಿನಿಂದ ಏನೂ ಹೊರಗೆ ಬರಲ್ಲ, ಅದು ಬೆಳಕನ್ನು ನೋಡುತ್ತದೆ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಆ ಬಿಳಿ ಸಿಕ್ಕರೆ ಬಾತುಕೋಳಿ ಬಿತ್ತು. ಎಲ್‌ಸಿಡಿ ಟಿವಿ ಚಿತ್ರ ತೋರಿಸೋದು ಸ್ವಲ್ಪ ತಡ, ಅಷ್ಟಕ್ಕೇ ಲೆಕ್ಕ ತಪ್ಪುತ್ತದೆ. ಇದರಲ್ಲಿ ಇನ್ನೊಂದು ಮಜಾ ಇದೆ. ಒಂದೇ ಬಾತುಕೋಳಿಯ ಆಟದಲ್ಲಿ ಜೊತೆಗೆ ಕಂಟ್ರೋಲರ್ ಹಿಡಿದವರು ಬಾತುಕೋಳಿಯನ್ನು ತಾವೇ ಹಾರಿಸಬಹುದು. ಒಂದು ಭಾನುವಾರ ನವಲಗುಂದದಿಂದ ಬಂದಿದ್ದ ಅಜ್ಜನ ಕೈಗೆ ಆ ಕಂಟ್ರೋಲರ್ ಕೊಟ್ಟೆ, ಬಂದೂಕು ಮೊಮ್ಮಗಳ ಕೈಯಲ್ಲಿ. ಮೊದಲು ಅವರಿಗೆ ನಂಬಿಕೆಯೇ ಬರಲಿಲ್ಲ. ಬಟನ್ ಒತ್ತಿದತ್ತ ಕೋಳಿ ತಿರುಗಿದ್ದು ಕಂಡ ಮೇಲೆ ಕುರ್ಚಿಯ ತುದಿಗೆ ಬಂದು ಕೂತರು. "ಈಗ ಹೊಡಿ ನೋಡೂಣು!" ಅಂತ ಅವರು. "ಅಜ್ಜಾ, ಸಾವಕಾಶ ಹಾರಸೋ!" ಅಂತ ಅವಳು ಕೂಗೋದು, ಅವರು ಇನ್ನೂ ಜೋರಾಗಿ ಹಾರಿಸೋದು. ಅರ್ಧ ಗಂಟೆಗೆ ಬಂದವರು ಇನ್ನರ್ಧ ಗಂಟೆ ಮುಂದುವರಿಸಿದರು. ಕಥೆ ತುಂಬಿದ ದೊಡ್ಡ ಗೇಮ್ ಮುಂದೆ ಹೀಗೆ ಇಬ್ಬರು ಕೂಗಾಡೋದನ್ನು ನಾನು ನೋಡಿಲ್ಲ. ಅಲ್ಲಿ ಒಬ್ಬರು ಆಡುತ್ತಾರೆ, ಉಳಿದವರು ಮೊಬೈಲ್ ತೆಗೆಯುತ್ತಾರೆ.

ಮನೆಯಲ್ಲೇ ಇಂಥ ಆಟದ ಏರ್ಪಾಡು ಮಾಡಿಕೊಳ್ಳುವವರಿಗೆ ಎರಡು ಮಾತು. ಹೊಸ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಚೆಂದ ಮಾಡಲು ಸಮಯ ತಗೊಳ್ಳುತ್ತದೆ, ನೀವು ಹಾರು ಅಂದರೆ ಮಾರಿಯೋ ಗುಂಡಿಗೆ ಬಿದ್ದ ಮೇಲೆ ಹಾರುತ್ತಾನೆ. ಸರಳ ಗೇಮ್‌ಗಳಿಗೆ ಈ ತಡ ಸಹಿಸೋದೇ ಇಲ್ಲ. ಇನ್ನೊಂದು, ಕನ್ಸೋಲ್ ದುಬಾರಿಯದ್ದೇ ಬೇಕಂತಿಲ್ಲ, ಆದರೆ ಎರಡನೇ ಕಂಟ್ರೋಲರ್ ಮಾತ್ರ ಮೊದಲ ದಿನವೇ ತಗೊಳ್ಳಿ. ಅಟ್ಟದ ಮೇಲೆ ಡಬ್ಬಾ ಟಿವಿ ಇದ್ದರೆ ಗುಜರಿಗೆ ಹಾಕಬೇಡಿ. ನನ್ನದು ಕೆಟ್ಟರೆ ಇನ್ನೊಂದು ಬೇಕಲ್ಲ ಅಂತ ನಾನೂ ಹುಡುಕುತ್ತಲೇ ಇದ್ದೇನೆ.