ಹೆರಿಗೆಯ ನಂತರ ಮೂತ್ರ ಸೋರುತ್ತಿದ್ದರೆ ಏನು ಮಾಡಬೇಕು?

ಕೆಮ್ಮಿದಾಗ, ಸೀನಿದಾಗ, ಮಗುವನ್ನು ಎತ್ತಿಕೊಂಡಾಗ ತಡೆಯಲಾಗದೆ ಮೂತ್ರ ಸೋರುವ ತೊಂದರೆ ಹೆರಿಗೆಯಾದ ಸುಮಾರು ಮೂವರಲ್ಲಿ ಒಬ್ಬರಿಗೆ ಕಾಣಿಸಿಕೊಳ್ಳುತ್ತದೆ. ಹೆತ್ತವರಿಗೆ ಇದೆಲ್ಲ ಇದ್ದದ್ದೇ ಎಂಬ ಮಾತು ಕೇಳಿ ಸುಮ್ಮನಾಗುವವರು ಬಹಳ. ಆದರೆ ಇದು ಸಹಿಸಿಕೊಂಡಿರಬೇಕಾದ ಹಣೆಬರಹವಲ್ಲ, ಚಿಕಿತ್ಸೆಯಿರುವ ತೊಂದರೆ.

ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಸೊಂಟದ ತಳದ ಸ್ನಾಯುಗಳು ಜೋಲಿಯಂತೆ ಕೆಳಗಿನಿಂದ ಹೊತ್ತಿರುತ್ತವೆ. ಮಗುವಿನ ತಲೆ ಹೊರಬರುವಾಗ ಈ ಸ್ನಾಯುಗಳೂ ಅವುಗಳ ನರಗಳೂ ವಿಪರೀತ ಹಿಗ್ಗುತ್ತವೆ. ಫೋರ್ಸೆಪ್ಸ್ (ಮಗುವಿನ ತಲೆಯನ್ನು ಹಿಡಿದು ಹೊರಗೆಳೆಯುವ ಇಕ್ಕಳ) ಬಳಸಿದ ಹೆರಿಗೆಯಲ್ಲಿ ಸ್ನಾಯು ಮೂಳೆಯಿಂದಲೇ ಕಿತ್ತುಬರುವ ಸಂಭವ ಹೆಚ್ಚು. ಸಿಸೇರಿಯನ್ ಆದವರಲ್ಲಿ ತೊಂದರೆ ಕಡಿಮೆಯಾದರೂ ಗರ್ಭದ ಭಾರವನ್ನು ಅವರೂ ಹೊತ್ತಿರುವುದರಿಂದ ಪೂರ್ತಿ ತಪ್ಪುವುದಿಲ್ಲ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ, ಈ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಇಂದಿಗೂ ಮೊದಲ ಚಿಕಿತ್ಸೆ. ಮೂತ್ರಕ್ಕೆ ಕೊಳವೆ ಹಾಕಿದ್ದರೆ ಅದನ್ನು ತೆಗೆದ ಮೇಲೆ, ನೋವಾಗದಷ್ಟು ಮೆಲ್ಲಗೆ ಆರಂಭಿಸಬಹುದು.

ಮೊದಲು ಸರಿಯಾದ ಸ್ನಾಯುವನ್ನು ಗುರುತಿಸಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊಣಕಾಲು ಮಡಚಿ ಅಂಗಾತ ಮಲಗಿ, ವಾಯು ಹೊರಹೋಗದಂತೆ ಗುದದ್ವಾರವನ್ನು ಬಿಗಿಹಿಡಿಯಿರಿ. ಅದೇ ಬಿಗಿತವನ್ನು ಯೋನಿಯ ಕಡೆಗೆ, ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳಿ. ಒಳಗೆ ಏನೋ ಮೇಲೆದ್ದಂತೆ ಅನಿಸಬೇಕು. ಪೃಷ್ಠ ಮತ್ತು ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮಲವಿಸರ್ಜನೆಗೆ ಮುಕ್ಕಿದಂತೆ ಕೆಳಕ್ಕೆ ಒತ್ತಿದರಂತೂ ಸೋರಿಕೆ ಹೆಚ್ಚಾದೀತು. ಮೂತ್ರವನ್ನು ನಡುವೆ ತಡೆದು ಅಭ್ಯಾಸ ಮಾಡುವುದೂ ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಅನುಮಾನವಿದ್ದರೆ ಈ ವಿಷಯ ಬಲ್ಲ ಫಿಸಿಯೊಥೆರಪಿಸ್ಟ್ ಒಬ್ಬರಿಂದ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ತಿಂಗಳುಗಟ್ಟಲೆ ತಪ್ಪಾಗಿ ಮಾಡುವುದಕ್ಕಿಂತ ಎಷ್ಟೋ ಮೇಲು.

ಹಿಡಿತ ಸಿಕ್ಕಿದ ಮೇಲೆ ಮೂರರಿಂದ ಐದು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸರದಿಗೆ ಎಂಟು ಸಲದಂತೆ, ದಿನಕ್ಕೆ ಮೂರು ಸರದಿ ಸಾಕು. ಬಿಗಿಹಿಡಿಯುವ ಅವಧಿಯನ್ನು ನಿಧಾನವಾಗಿ ಹತ್ತು ಸೆಕೆಂಡಿಗೆ ಏರಿಸಬಹುದು. ಕೆಮ್ಮು ಅಥವಾ ಸೀನು ಬರುವ ಮುನ್ನ, ಮಗುವನ್ನು ಎತ್ತುವ ಮುನ್ನ ಸ್ನಾಯುವನ್ನು ಒಮ್ಮೆ ಬಿಗಿಮಾಡಿಕೊಳ್ಳುವ ರೂಢಿ ಬೆಳೆಸಿಕೊಳ್ಳಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಸೋರುವ ಭಯಕ್ಕೆ ನೀರು ಕುಡಿಯುವುದನ್ನು ಬಿಡಬೇಡಿ: ಮಲಬದ್ಧತೆ ಬಂದರೆ ಮುಕ್ಕಬೇಕಾಗುತ್ತದೆ, ಅದು ಇದೇ ಸ್ನಾಯುಗಳಿಗೆ ಹೊರೆ.

ಹಗಲೂ ರಾತ್ರಿಯೂ ಬಿಡುವಿಲ್ಲದೆ ಸೋರುತ್ತಿದ್ದರೆ, ಮೂತ್ರ ಬರುವುದೇ ಕಟ್ಟಿದ್ದರೆ, ಜ್ವರ ಅಥವಾ ಉರಿಯಿದ್ದರೆ, ಯೋನಿಯಲ್ಲಿ ಗಡ್ಡೆಯಂತೆ ಏನೋ ಕೆಳಗಿಳಿದಂತೆನಿಸಿದರೆ ವ್ಯಾಯಾಮದ ಫಲಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು. ಮಲ ಅಥವಾ ವಾಯು ತಡೆಯಲಾಗದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಹೆರಿಗೆಯಲ್ಲಾದ ಸೀಳು ಗುದದ್ವಾರದ ಸ್ನಾಯುವಿನವರೆಗೆ ಹೋಗಿದ್ದರೆ ಹೀಗಾಗಬಹುದು. ಅಂಥ ಸೀಳು ಆಗಿದ್ದವರು ಮುಂದಿನ ಹೆರಿಗೆ ಸಹಜವಾಗಿ ಆಗಬೇಕೇ, ಸಿಸೇರಿಯನ್ ಬೇಕೇ ಎಂಬುದನ್ನು ಗರ್ಭಿಣಿಯಾಗಿರುವಾಗಲೇ ವೈದ್ಯರೊಡನೆ ಮಾತಾಡಿ ತೀರ್ಮಾನಿಸಿಕೊಳ್ಳಬೇಕು.