ಕಿತ್ತಳೆ ಬಾವುಟ ಮೇಲೆ, ಕನ್ನಡ ಬಾವುಟ ಕೆಳಗೆ

ಅಕ್ಟೋಬರ್ ಬಂತೆಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ. "ಗ್ಲಾಮಿಸ್‌ಗೆ ಹೊರಟಿದ್ದೀವಿ, ಏನೇನು ಬೇಕು?" ಗ್ಲಾಮಿಸ್ ಅಂದರೆ ಮರಳುದಿಬ್ಬಗಳ ಮೇಲೆ ಗಾಡಿ ಓಡಿಸೋಕೆ ಜನ ಹೋಗುವ ಜಾಗ. ನೀರು ಜಾಸ್ತಿ ಇಟ್ಟುಕೊಳ್ಳಿ, ಪರ್ಮಿಟ್ ಮೊದಲೇ ತಗೊಳ್ಳಿ, ಟೈರಿನ ಗಾಳಿ ಇಳಿಸಿ, ಹೆಲ್ಮೆಟ್ ಮರೀಬೇಡಿ. ಇಷ್ಟನ್ನು ಹೇಳೋಕೆ ಹತ್ತು ಜನ ಇದ್ದಾರೆ. ಗಾಡಿಗೆ ಕಟ್ಟುವ ಬಾವುಟದ ಬಗ್ಗೆ ಕೇಳಿದರೆ ಮಾತ್ರ "ಹೂಂ, ಒಂದು ಬಾವುಟ ಬೇಕು" ಅಂದು ಮುಗಿಸುತ್ತಾರೆ. ನನಗೂ ಹಾಗೇ ಹೇಳಿದ್ದರು. ಆ ಅರ್ಧ ಸಾಲಿನ ಸಲಹೆಯಿಂದ ನನ್ನ ಒಂದು ದಿನ ಹೋಯಿತು, ದಂಡವೂ ಬಿತ್ತು. ಆಮೇಲೆ ಬಂದವರೂ ಅದೇ ಗುಂಡಿಗೆ ಬೀಳೋದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಬಾವುಟ ಯಾಕೆ ಅನ್ನೋದು ಮೊದಲು. ಚಾರ್ಮಾಡಿ ಘಾಟಿಯಲ್ಲಿ ತಿರುವು ಬಂದರೆ ನಾವು ಹಾರ್ನ್ ಹೊಡೆಯುತ್ತೇವೆ. ಆ ಕಡೆಯವನೂ ಹೊಡೆಯುತ್ತಾನೆ. ಮರಳುದಿಬ್ಬದ ಮೇಲೆ ಈ ಲೆಕ್ಕ ನಡೆಯಲ್ಲ. ಇಂಜಿನ್ ಅರಚುತ್ತಿರುತ್ತದೆ, ತಲೆ ಹೆಲ್ಮೆಟ್ಟಿನೊಳಗೆ ಇರುತ್ತದೆ, ಹಾರ್ನ್ ಯಾರಿಗೂ ಕೇಳಲ್ಲ. ದಿಬ್ಬದ ಒಂದು ಪಕ್ಕ ಗಾಳಿ ತಟ್ಟಿ ನುಣ್ಣಗೆ ಏರಿರುತ್ತದೆ. ಇನ್ನೊಂದು ಪಕ್ಕ ನೆತ್ತಿಯಿಂದ ಧಡಕ್ಕನೆ ಇಳಿಯುತ್ತದೆ. ಎರಡೂ ಕಡೆಯಿಂದ ಒಟ್ಟಿಗೆ ಹತ್ತುವವರಿಗೆ ನೆತ್ತಿ ಮುಟ್ಟುವ ತನಕ ಒಬ್ಬರಿಗೊಬ್ಬರು ಕಾಣಲ್ಲ. ಕಾಣೋದು ಬಾವುಟದ ತುದಿ ಮಾತ್ರ. ನಾಲ್ಕಡಿ ಎತ್ತರದ ಎಟಿವಿಯಲ್ಲಿ (ಬೈಕಿನ ಹಾಗೆ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ) ಕೂತ ಹುಡುಗನಿಗಂತೂ ಅದೇ ಕಣ್ಣು, ಅದೇ ಹಾರ್ನ್.

ಗ್ಲಾಮಿಸ್ ಇರುವ ಇಂಪೀರಿಯಲ್ ಸ್ಯಾಂಡ್ ಡ್ಯೂನ್ಸ್ ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಅವರ ನಿಯಮ ಚಿಕ್ಕದು. ಕೋಲನ್ನು ಗಾಡಿಗೆ ಗಟ್ಟಿಯಾಗಿ ಕೂರಿಸಿರಬೇಕು, ಅದರ ತುದಿ ನೆಲದಿಂದ ಕನಿಷ್ಠ 8 ಅಡಿ ಮೇಲಿರಬೇಕು. ಬಾವುಟ ಕೆಂಪು ಅಥವಾ ಕಿತ್ತಳೆ ಬಣ್ಣದ್ದು, ಕನಿಷ್ಠ 6 ಇಂಚು ಅಗಲ, 12 ಇಂಚು ಉದ್ದ. ಅದು ಕೋಲಿನ ತುದಿಯಿಂದ 10 ಇಂಚಿನೊಳಗೆ ಇರಬೇಕು. ಬೇರೆ ಯಾವ ಬಾವುಟವಿದ್ದರೂ ಅದರ ಕೆಳಗೆ, ಇಲ್ಲವೇ ಇನ್ನೊಂದು ಕೋಲಿನಲ್ಲಿ.

ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ಓದಿ. ನಾನು ಓದಿರಲಿಲ್ಲ.

ಅಮೆರಿಕದವರಿಗೆ ಹ್ಯಾಲೋವೀನ್ ವಾರಾಂತ್ಯ ಎಂದರೆ ಗ್ಲಾಮಿಸ್ ಸೀಸನ್ನಿನ ಜಾತ್ರೆ. ನಮಗೆ ಅದರ ಮರುದಿನವೇ ರಾಜ್ಯೋತ್ಸವ. ಆ ವರ್ಷ ನಾವು ನಾಲ್ಕು ಮನೆಯವರು ಸೇರಿ ಹೊರಟೆವು. ಎರಡು ಜೀಪು, ಒಂದು ಬಾಡಿಗೆ ಸೈಡ್-ಬೈ-ಸೈಡ್, ಅಂದರೆ ಪಕ್ಕಪಕ್ಕ ಸೀಟಿರುವ ಚಿಕ್ಕ ಮರಳುಗಾಡಿ. ನನ್ನ ಹೆಂಡತಿ ಊರಿಂದ ತಂದಿದ್ದ ಕನ್ನಡ ಬಾವುಟ ಸೂಟ್‌ಕೇಸಿನ ತಳದಲ್ಲಿ ಇತ್ತು. ಎರಡಡಿಗೆ ಮೂರಡಿ, ಒಳ್ಳೆ ಬಟ್ಟೆ. ಮರಳಿನ ಮೇಲೆ ಅರಿಶಿನ ಕುಂಕುಮ ಹಾರಾಡಿದರೆ ಹೇಗಿರತ್ತೆ ಅಂತ ಎಲ್ಲರಿಗೂ ಹುಮ್ಮಸ್ಸು. ಕೋಲಿನ ತುತ್ತತುದಿಗೆ ಅದನ್ನೇ ಕಟ್ಟಿದೆವು. ಕೋಲಿನ ಜೊತೆ ಬಂದಿದ್ದ ಕಿತ್ತಳೆ ಬಾವುಟವನ್ನು "ಇರಲಿ, ನಿಯಮ ಅಲ್ವಾ" ಅಂತ ಕೆಳಗೆ ಸಿಕ್ಕಿಸಿದೆ. ಕನ್ನಡ ಬಾವುಟದ ಮೇಲೆ ಇನ್ನೊಂದನ್ನು ಕಟ್ಟೋಕೆ ಕೈ ಬರಲಿಲ್ಲ, ನಿಜ ಹೇಳಬೇಕೆಂದರೆ.

ಗೆಕ್ಕೋ ರೋಡಿನಿಂದ ಮರಳಿಗೆ ಇಳಿದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ರೇಂಜರ್ ಕೈ ತೋರಿಸಿ ನಿಲ್ಲಿಸಿದ. ಯಾವ ದೇಶದ ಬಾವುಟ ಅಂತ ಕೇಳಿದ. ದೇಶದ್ದಲ್ಲ, ರಾಜ್ಯದ್ದು ಅಂತ ಐದು ನಿಮಿಷ ವಿವರಿಸಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಟೇಪು ತೆಗೆದು ಅಳೆದ. ಕಿತ್ತಳೆ ಬಾವುಟ ತುದಿಯಿಂದ 26 ಇಂಚು ಕೆಳಗಿತ್ತು. ಮೇಲಿನದರಲ್ಲಿ ಅರ್ಧ ಕೆಂಪು ಇದೆಯಲ್ಲ ಅಂದೆ. ಅರ್ಧ ಕೆಂಪು ಲೆಕ್ಕಕ್ಕಿಲ್ಲ ಅಂದ. ಆಮೇಲೆ ಒಂದು ಮಾತು ಹೇಳಿದ, ಅದು ಇವತ್ತಿಗೂ ನೆನಪಿದೆ. "ನಿನ್ನ ಹಳದಿ ಮರಳಿನ ಮೇಲೆ ನನಗೆ ಕಾಣಲೇ ಇಲ್ಲ. ಇಷ್ಟು ಹತ್ತಿರ ಬಂದ ಮೇಲೆ ಕಂಡಿತು."

ತಿರುಗಿ ನೋಡಿದರೆ ಹೌದು. ಮಧ್ಯಾಹ್ನದ ಬಿಸಿಲಿಗೆ ಮರಳೂ ಹಳದಿ, ಬಾವುಟವೂ ಹಳದಿ. ಅದೂ ಸಾಲದು ಅಂತ, ಅಷ್ಟು ದೊಡ್ಡ ಬಟ್ಟೆ ಗಾಳಿ ಹಿಡಿದು ತೆಳ್ಳಗಿನ ಫೈಬರ್ ಕೋಲನ್ನು ಮೀನು ಬಿದ್ದ ಗಾಳದ ಕೋಲಿನ ಹಾಗೆ ಬಗ್ಗಿಸಿತ್ತು. ಓಡುವಾಗ ತುದಿ ಆರಡಿಗೂ ಇಳಿಯುತ್ತಿತ್ತೇನೋ. ನೆತ್ತಿಯ ಆ ಕಡೆಯಿಂದ ಬರುವವನಿಗೆ ನಾವು ಇಲ್ಲವೇ ಇಲ್ಲ ಅನ್ನೋ ಹಾಗೆ ಓಡಿಸುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು.

ಟಿಕೆಟ್ ಬರೆದ. ಅದು ಓಡಿಸುವವನ ಹೆಸರಿಗೆ, ಗಾಡಿ ಯಾರದ್ದಾದರೂ ಸರಿ. ಸರಿ ಮಾಡುವ ತನಕ ಮರಳಿಗೆ ಇಳಿಯುವ ಹಾಗಿಲ್ಲ. ನಾನು ನಮ್ಮ ಬಾವುಟ ಬಿಚ್ಚಿ ಕಿತ್ತಳೆಯದನ್ನು ಮೇಲೇರಿಸಿದೆ, ಅದು ಸುಲಭ. ಆದರೆ ಎರಡನೇ ಜೀಪಿನ ಗೆಳೆಯ ಕಿತ್ತಳೆ ಬಾವುಟವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಅವನು ಅಂಗಡಿ ಹುಡುಕಿಕೊಂಡು ಬ್ರಾಲಿ ಊರಿನ ತನಕ ಹೋಗಿ, ಜಾತ್ರೆಯ ಸಾಲಿನಲ್ಲಿ ಸಿಕ್ಕಿಕೊಂಡು ವಾಪಸ್ ಬರುವಾಗ ಸೂರ್ಯ ಮುಳುಗುತ್ತಿದ್ದ. ಬುತ್ತಿಯ ಚಿತ್ರಾನ್ನ ತಿಂದು ಮಲಗಿದೆವು. ಅದೇ ನಮ್ಮ ರಾಜ್ಯೋತ್ಸವ.

ಆದ್ದರಿಂದ ದಯವಿಟ್ಟು ಕನ್ನಡ ಬಾವುಟ ತಗೊಂಡು ಹೋಗಿ, ಬೇಡ ಅನ್ನಲ್ಲ. ಆದರೆ ಅದಕ್ಕೇ ಇನ್ನೊಂದು ಕೋಲು ಹಾಕಿ, ಚಿಕ್ಕ ಅಳತೆಯದನ್ನೇ ಕಟ್ಟಿ. ಕಿತ್ತಳೆ ಬಾವುಟ ಒಂಟಿಯಾಗಿ ತುದಿಯಲ್ಲಿರಲಿ. ಹೊಳೆಯುವ ಬಣ್ಣದ್ದು ತಗೊಳ್ಳಿ. ಒಂದು ಸೀಸನ್ ಬಿಸಿಲು ತಿಂದ ಕಿತ್ತಳೆ ಬಾವುಟ ಹಳೇ ಪರದೆ ಹಾಗೆ ಬಿಳಿಚಿಕೊಳ್ಳುತ್ತದೆ. ತುದಿ ಎಳೆಯೆಳೆಯಾಗಿ ಹರಿದು ಅಳತೆಯೂ ಕಮ್ಮಿಯಾಗುತ್ತದೆ. ಬದಲಾಯಿಸೋದಕ್ಕೆ ಆಗುವ ಖರ್ಚು ಎರಡು ಕಾಫಿಯದ್ದು. ಬಣ್ಣಬಣ್ಣದ ಎಲ್‌ಇಡಿ ಕೋಲು ಕೊಂಡವರಿಗೂ ಇದೇ ಮಾತು. ರಾತ್ರಿ ಅದು ಚೆನ್ನಾಗಿ ಕಾಣುತ್ತದೆ, ಆದರೆ ನಿಯಮ ಕೇಳೋದು ಬಾವುಟವನ್ನು. ದೀಪದ ಕೋಲಿನ ತುದಿಗೂ ಬಟ್ಟೆ ಬೇಕು.

ಇನ್ನು ಎತ್ತರ. 8 ಅಡಿ ಅಂದರೆ ನೆಲದಿಂದ ತುದಿಗೆ, ಕೋಲಿನ ಉದ್ದ ಅಲ್ಲ. ಇದನ್ನು ತಪ್ಪು ತಿಳಿದವರು ಎರಡು ಥರ. ಒಬ್ಬರು ಐದಡಿ ಕೋಲನ್ನು ಎಟಿವಿಯ ಎರಡೂವರೆ ಅಡಿ ಎತ್ತರದ ಕಂಬಿಗೆ ಸಿಕ್ಕಿಸಿ ಏಳೂವರೆಗೆ ನಿಂತರು. ಇನ್ನೊಬ್ಬರು ಎಂಟಡಿಯ ಕೋಲನ್ನೇ ಕೊಂಡು ಜೀಪಿನ ಮೇಲಿನ ಕ್ಯಾರಿಯರ್‌ಗೆ ನಿಲ್ಲಿಸಿದರು. ನೆಲದಿಂದ ಹದಿನಾಲ್ಕಡಿ! ಅದು ದಿಬ್ಬ ನೋಡಲೇ ಇಲ್ಲ, ಅವರ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸೂರಿಗೆ ತಗುಲಿ ಮುರಿಯಿತು. ಟೈರಿನ ಗಾಳಿ ಇಳಿಸಿದ ಮೇಲೆ ಅಳೆಯಿರಿ. ಗಾಳಿ ಇಳಿಸಿದರೆ ಗಾಡಿಯೂ ಒಂದೆರಡು ಇಂಚು ಕೂರುತ್ತದೆ. ಮನೆ ಮುಂದೆ ಸರಿಯಾಗಿ 8 ಅಡಿ ಇದ್ದದ್ದು ಮರಳಿನಲ್ಲಿ ಇರಲ್ಲ. ನಾನು ಒಂಬತ್ತಕ್ಕೆ ಇಡುತ್ತೇನೆ, ತಲೆನೋವಿಲ್ಲ.

ಎಲ್ಲಿ ಕೂರಿಸಬೇಕು ಅನ್ನೋದರಲ್ಲಿ ಕ್ಯಾಲಿಫೋರ್ನಿಯಾ ನಿಮ್ಮ ಇಷ್ಟಕ್ಕೆ ಬಿಟ್ಟಿದೆ. ಮಿಶಿಗನ್ನಿನ ಸಿಲ್ವರ್ ಲೇಕ್ ದಿಬ್ಬಗಳಲ್ಲಿ ಹಾಗಲ್ಲ. ಕೋಲು ಗಾಡಿಯ ಮುಂದೆಯೇ ಇರಬೇಕು, ನೆಲದಿಂದ 10 ಅಡಿ ಬೇಕು. ಕಿರಿಕಿರಿ ಅನ್ನಿಸಬಹುದು, ಆದರೆ ನನ್ನ ಮಟ್ಟಿಗೆ ಮಿಶಿಗನ್ನಿನವರದ್ದೇ ಸರಿ. ಲೆಕ್ಕ ಹಾಕಿ ನೋಡಿ. ಎರಡು ಬಾಗಿಲಿನ ಜೀಪು ಸುಮಾರು 14 ಅಡಿ ಉದ್ದ. 20 ಡಿಗ್ರಿ ಏರಿನಲ್ಲಿ ಹಿಂದಿನ ಬಂಪರ್ ಮುಂದಿನದಕ್ಕಿಂತ ಹೆಚ್ಚುಕಮ್ಮಿ ಐದು ಅಡಿ ತಗ್ಗಿನಲ್ಲಿರುತ್ತದೆ. ಹಿಂದೆ ಕಟ್ಟಿದ ಬಾವುಟವೂ ಅಷ್ಟೇ ತಗ್ಗು, ಮೇಲಾಗಿ ಹಿಂದಕ್ಕೆ ವಾಲಿರುತ್ತದೆ. ಬಾವುಟ ಕಾಣೋ ಹೊತ್ತಿಗೆ ನಿಮ್ಮ ಬಾನೆಟ್ ನೆತ್ತಿ ದಾಟಿಬಿಟ್ಟಿರುತ್ತದೆ. ಬಾಡಿಗೆಯ ಸೈಡ್-ಬೈ-ಸೈಡ್‌ಗಳಲ್ಲಿ ಕೋಲು ಹೆಚ್ಚಾಗಿ ಹಿಂದೆಯೇ ಇರುತ್ತದೆ. ಅಂಥದ್ದು ಸಿಕ್ಕರೆ ನೆತ್ತಿಗೆ ಇನ್ನೂ ನಿಧಾನ ಬನ್ನಿ, ನೇರ ಹಾರಬೇಡಿ.

ಮುಂದಿನ ಬಂಪರಿನ ಉಕ್ಕಿಗೆ ತೂತು ಹಾಕಿ ಕೂರಿಸಿ. ಗಾಡಿಯ ಪ್ಲಾಸ್ಟಿಕ್ ಭಾಗಕ್ಕೆ ಹಾಕಿದರೆ ಎರಡೇ ದಿಬ್ಬಕ್ಕೆ ಬಿರಿಯುತ್ತದೆ. ಬುಡಕ್ಕೆ ಸ್ಪ್ರಿಂಗ್ ಇದ್ದರೆ ಕೋಲು ಬಾಳುತ್ತದೆ. ನಟ್ಟು ನೈಲಾನ್ ಬಳೆ ಇರೋದೇ ಆಗಲಿ, ಮಾಮೂಲಿ ನಟ್ಟು ಅದುರಿ ಅದುರಿ ಬಿಚ್ಚಿಕೊಂಡು ಮರಳಿನಲ್ಲಿ ಕಾಣೆಯಾಗುತ್ತದೆ. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಒಂದೇ ತಿರುವಿಗೆ ಬಿಚ್ಚಿ ಬರುವ ಬುಡ ತಗೊಳ್ಳಿ. ಯಾಕೆಂದರೆ ಇಂಟರ್‌ಸ್ಟೇಟ್ 8ರಲ್ಲಿ 70 ಮೈಲಿ ವೇಗಕ್ಕೆ ಯಾವ ಕೋಲೂ ನಿಲ್ಲಲ್ಲ. ನನ್ನ ಮೊದಲನೆಯದು ಎಲ್ ಸೆಂಟ್ರೋ ದಾಟುವಷ್ಟರಲ್ಲಿ ಬುಡಕ್ಕೆ ಮುರಿದು ಹೋಯಿತು. ಹಿಂದೆ ಬರುತ್ತಿದ್ದವರ ಗಾಜಿಗೆ ಬಡಿಯಲಿಲ್ಲ ಅನ್ನೋದೇ ಪುಣ್ಯ.

ಬೇ ಏರಿಯಾದವರು ಓಷಿಯಾನೋ ಡ್ಯೂನ್ಸ್‌ಗೆ ಹೋಗೋದು ಜಾಸ್ತಿ. ಅದು ರಾಜ್ಯದ ಪಾರ್ಕು, ಅಲ್ಲೂ 8 ಅಡಿ. ಅಲ್ಲಿನ ಬೀಚಿನಲ್ಲಿ ವೇಗದ ಮಿತಿ ಗಂಟೆಗೆ 15 ಮೈಲಿ, ಅದನ್ನು ಗಂಭೀರವಾಗಿ ತಗೊಳ್ಳಿ. ಒರೆಗಾನ್ ಡ್ಯೂನ್ಸ್‌ಗೆ ಹೋಗುವವರು 9 ಅಡಿ ಇಟ್ಟುಕೊಳ್ಳಿ. ಒಂದೇ ದೇಶ, ಅಡಿ ಮಾತ್ರ ಊರಿಗೊಂದು. ಇದೆಂಥ ವ್ಯವಸ್ಥೆಯೋ. ಹೊರಡುವ ಮುಂಚೆ ಆ ಜಾಗದವರ ಪುಟ ಒಮ್ಮೆ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಬಾವುಟವನ್ನೇ ನಂಬಿ ನುಗ್ಗಬೇಡಿ. ಆ ಕಡೆಯ ಗಾಡಿ ನೆತ್ತಿಗಿಂತ ಎರಡಾಳು ಕೆಳಗಿದ್ದರೆ ಅದರ 8 ಅಡಿ ಕೋಲೂ ಕಾಣಲ್ಲ. ಯಾರಾದರೂ ಮರಳಲ್ಲಿ ಹೂತು ನಿಂತಿದ್ದರೆ ಒಬ್ಬ ಇಳಿದು ನೆತ್ತಿಗೆ ನಡೆದು ಹೋಗಿ ಕೈ ಬೀಸುತ್ತಾ ನಿಲ್ಲಬೇಕು. ನಮ್ಮ ಗುಂಪಿನಲ್ಲಿ ಈಗ ಅದಕ್ಕೇ ಒಂದು ಬಿಡಿ ಬಾವುಟ ಇಟ್ಟಿದ್ದೇವೆ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ. ಕಿತ್ತಳೆಯದು.